ಉಪ್ಪಿನ ಮೂಲೆ

ಮೊದಲೇ ಹೇಳಿಬಿಡುತ್ತೇನೆ, ಇಂಥದ್ದನ್ನೆಲ್ಲ ನಂಬುವ ಪೈಕಿ ನಾನಲ್ಲ. ನಮ್ಮ ಕುಂದಾಪುರದ ಕಡೆ ಮನೆಗೊಂದು ಕಥೆ ಇರುತ್ತದೆ. ಯಾರಿಗೋ ಗದ್ದೆಯ ಅಂಚಿನಲ್ಲಿ ಏನೋ ಕಂಡಿರುತ್ತದೆ, ಇನ್ಯಾರಿಗೋ ಮುಚ್ಚಿದ ಕೋಣೆಯೊಳಗೆ ಕೆಮ್ಮು ಕೇಳಿಸಿರುತ್ತದೆ. ಸಣ್ಣವನಿದ್ದಾಗಿಂದಲೂ ಇಂಥ ಕಥೆ ಹೇಳುವವರನ್ನು ನಾನು ಸುಮ್ಮನೆ ಬಿಟ್ಟದ್ದಿಲ್ಲ. ಬಾಗಿಲು ಯಾವ ದಿಕ್ಕಿಗಿತ್ತು, ಗಾಳಿ ಎಲ್ಲಿಂದ ಬರುತ್ತಿತ್ತು, ಅವತ್ತು ಊಟಕ್ಕೆ ಏನಿತ್ತು ಎಂದು ಕೇಳಿ ಕೇಳಿ ಕಥೆಯ ಗಾಳಿ ತೆಗೆದುಬಿಡುತ್ತಿದ್ದೆ. ನಮ್ಮ ಅತ್ತೆಯೊಬ್ಬರು ಇದೇ ಕಾರಣಕ್ಕೆ ನಾನಿದ್ದ ಕಡೆ ಬಾಯಿ ಬಿಡುತ್ತಿರಲಿಲ್ಲ.

ಮೆಕ್ಯಾನಿಕ್ ಆದ ಮೇಲಂತೂ ಕೇಳುವುದೇ ಬೇಡ. ಗಾಡಿ ನಿಂತಿತು ಎಂದರೆ ಪೆಟ್ರೋಲ್ ಬರುತ್ತಿಲ್ಲ, ಇಲ್ಲವೇ ಗಾಳಿ ಬರುತ್ತಿಲ್ಲ, ಇಲ್ಲವೇ ಕಿಡಿ ಹಾರುತ್ತಿಲ್ಲ. ಗಾಡಿಗೆ ದೃಷ್ಟಿ ತಾಗಿದೆ ಎಂದು ನಿಂಬೆಹಣ್ಣು ಕಟ್ಟಿಕೊಂಡು ಬಂದವರ ಕಾರ್ಬ್ಯುರೇಟರ್ ಬಿಚ್ಚಿ, ಒಳಗಿನ ಕಸ ಅವರ ಅಂಗೈ ಮೇಲೆ ಇಟ್ಟು, ‘ಇಗೊಳ್ಳಿ ನಿಮ್ಮ ದೃಷ್ಟಿ’ ಎಂದು ಕಳಿಸಿದವನು ನಾನು. ಇದನ್ನು ಹೇಳುವಾಗ ನನಗೆ ಈಗಲೂ ಒಂದು ಹೆಮ್ಮೆ. ಹೆಮ್ಮೆ ಪಡುವುದರಲ್ಲಿ ನಾನು ಹಿಂದೆ ಬಿದ್ದವನಲ್ಲ, ಮುಂದೆಯೂ ಈ ಬರಹದಲ್ಲಿ ಅದು ಅಲ್ಲಲ್ಲಿ ಬರುತ್ತದೆ. ಓದುವವರು ಸಹಿಸಿಕೊಳ್ಳಬೇಕು.

ಹೀಗಿದ್ದವನಿಗೆ ಒಂದು ಸಂಗತಿ ನಡೆಯಿತು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿತ್ತು. ಅದಕ್ಕೆ ಕಾರಣ ಹುಡುಕಿ ಹುಡುಕಿ ಸೋತಿದ್ದೇನೆ. ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಚೆನ್ನೈಯ ಪಲ್ಲಾವರಂನಲ್ಲಿ ನಮ್ಮದೊಂದು ಸಸ್ಯಾಹಾರಿ ಹೋಟೆಲ್. ಅಪ್ಪಯ್ಯ ಆ ಹೋಟೆಲಿನ ಊಟದ ಹಾಲ್ ನೋಡಿಕೊಂಡವರು, ಆಮೇಲೆ ಅಣ್ಣ ಎಲ್ಲವನ್ನೂ ವಹಿಸಿಕೊಂಡ. ನನಗೆ ಮಾತ್ರ ಒಲೆಯ ಬೆಂಕಿಗಿಂತ ಎಂಜಿನ್ನಿನೊಳಗಿನ ಬೆಂಕಿಯೇ ಇಷ್ಟ. ಐಟಿಐ ಮುಗಿಸಿ, ರಾಯಪುರಂ ಬಂದರಿನ ಹತ್ತಿರದ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಕೆಲಸ ಕಲಿತು, ಕೊನೆಗೆ ಹೋಟೆಲಿನ ಹಿಂದಿನ ತಗಡಿನ ಶೆಡ್ಡಿನಲ್ಲೇ ಸ್ವಂತ ವರ್ಕ್‌ಶಾಪ್ ಹಾಕಿದೆ. ಮುಂದೆ ಸಾಂಬಾರಿನ ಪರಿಮಳ, ಹಿಂದೆ ಆಯಿಲಿನ ವಾಸನೆ, ನೆತ್ತಿಯ ಮೇಲೆ ಇಳಿಯುವ ವಿಮಾನ. ಹೋಟೆಲಿನವನ ಮಗ ಕೈ ಕಪ್ಪು ಮಾಡಿಕೊಂಡು ಕೂತನಲ್ಲ ಎಂದು ನಮ್ಮ ಬೀದಿಯಲ್ಲೇ ನಾಲ್ಕು ಜನ ಆಡಿಕೊಂಡರು. ಆಡಿಕೊಳ್ಳಲಿ, ಅವರ ಸ್ಕೂಟರುಗಳೂ ಕೊನೆಗೆ ನನ್ನ ಹತ್ತಿರವೇ ಬಂದವು.

ಅಪ್ಪಯ್ಯನ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವರದು ಬಡಿಸುವ ಕೆಲಸ, ಬಡಿಸುವವರನ್ನು ನೋಡಿಕೊಳ್ಳುವ ಕೆಲಸ. ಮಧ್ಯಾಹ್ನ ಹಾಲ್ ತುಂಬ ಬಾಳೆಲೆ ಹಾಕಿದರೆ, ಬಡಿಸಿದ ಮೇಲೆ ಅವರು ಒಂದು ಸುತ್ತು ಬರುತ್ತಿದ್ದರು. ಯಾವುದಾದರೂ ಎಲೆಗೆ ಏನಾದರೂ ಬಿಟ್ಟುಹೋಗಿದ್ದರೆ ಗಿರಾಕಿಯ ಎದುರು ಬಡಿಸುವವನನ್ನು ಬೈಯುವ ಪದ್ಧತಿ ಅವರದಲ್ಲ. ಎಲೆಯ ಎಡ ಮೂಲೆಯಲ್ಲಿ ಉಪ್ಪು ಬಡಿಸಿರುತ್ತಾರಲ್ಲ, ಅದರ ಪಕ್ಕಕ್ಕೆ ಇನ್ನೊಂದು ಚಿಟಿಕೆ ಉಪ್ಪು ಇಟ್ಟು ಮುಂದೆ ಹೋಗುತ್ತಿದ್ದರು. ಬೆರಳನ್ನು ನೀರಿಗೆ ಅದ್ದಿ, ಹರಳುಪ್ಪು ಎತ್ತಿ, ಎಲೆಯ ಮೇಲೆ ಒತ್ತಿ ಇಡುವುದು ಅವರ ರೀತಿ. ಉಪ್ಪು ಚೆಲ್ಲಾಡದೆ ಪುಟ್ಟ ಗುಪ್ಪೆಯಾಗಿ ನಿಲ್ಲುತ್ತಿತ್ತು. ಎರಡು ಉಪ್ಪು ಕಂಡಿತೋ, ಈ ಎಲೆಯಲ್ಲಿ ಏನೋ ತಪ್ಪಿದೆ, ಮತ್ತೊಮ್ಮೆ ನೋಡು ಎಂದು ಬಡಿಸುವವನು ತಿಳಿದುಕೊಳ್ಳಬೇಕು. ಏನು ತಪ್ಪಿದೆ ಎಂದು ಅವರು ಹೇಳುತ್ತಿರಲಿಲ್ಲ, ಹುಡುಕಿಕೊಳ್ಳಬೇಕಾದವನು ಅವನೇ. ಎಲ್ಲ ಸರಿ ಇದ್ದರೆ ಸುಮ್ಮನೆ ಮುಂದಿನ ಎಲೆಗೆ ಹೋಗುತ್ತಿದ್ದರು.

ಐಟಿಐ ಓದುವಾಗ ರಜೆಯಲ್ಲಿ ನಾನೂ ಆ ಊಟದ ಹಾಲ್‌ನಲ್ಲಿ ಬಡಿಸಿದ್ದೇನೆ. ನನ್ನ ಎಲೆಗಳಿಗೆ ಬಿದ್ದಷ್ಟು ಉಪ್ಪು ಇನ್ಯಾರದಕ್ಕೂ ಬಿದ್ದಿಲ್ಲ. ಗಿರಾಕಿಗಳ ಮಾತು ಕೇಳುತ್ತಾ ಅವರ ಮುಖ ನೋಡಿಕೊಂಡು ಬಡಿಸುವ ಚಟ ನನಗೆ. “ಉಂಬವ್ರ್ ಮೋರಿ ಕಾಣ್ಬೇಡ, ಎಲಿ ಕಾಣ್” ಎಂದು ಅಪ್ಪಯ್ಯ ಒಂದೇ ಒಂದು ಸಲ ಹೇಳಿದ್ದರು. ಉಣ್ಣುವವರ ಮುಖವನ್ನಲ್ಲ, ಎಲೆಯನ್ನು ನೋಡು ಅಂತ.

ಬಡಿಸುವ ಕೆಲಸ ಬಿಟ್ಟರೂ ಎಲೆ ನನ್ನನ್ನು ಬಿಡಲಿಲ್ಲ. ಎಂಜಿನ್ ಬಿಚ್ಚಿದಾಗ ಬಿಡಿಭಾಗಗಳನ್ನು ಬೇರೆಯವರು ಟ್ರೇಯಲ್ಲೋ ಹಳೆಯ ಡಬ್ಬಿಯಲ್ಲೋ ಹಾಕಿಡುತ್ತಾರೆ. ನಾನು ಹೋಟೆಲಿನಿಂದ ಒಂದು ಬಾಳೆಲೆ ತಂದು, ತೊಳೆದು, ತುದಿ ಎಡಕ್ಕೆ ಬರುವಂತೆ ಹಾಸಿ, ಅದರ ಮೇಲೆ ಬಡಿಸುತ್ತೇನೆ. ಉಪ್ಪಿನಕಾಯಿಯ ಜಾಗದಲ್ಲಿ ಸಣ್ಣ ಕ್ಲಿಪ್ಪು, ಸ್ಕ್ರೂ. ಪಲ್ಯದ ಜಾಗದಲ್ಲಿ ವಾಲ್ವು, ಅದರ ಸ್ಪ್ರಿಂಗು. ಅನ್ನದ ಜಾಗದಲ್ಲಿ ಪಿಸ್ಟನ್. ಜೋಡಿಸುತ್ತಾ ಹೋದ ಹಾಗೆ ಎಲೆ ಖಾಲಿಯಾಗುತ್ತಾ ಬರಬೇಕು. ಕೊನೆಗೆ ಎಲೆಯ ಮೇಲೆ ಏನೂ ಉಳಿಯದಿದ್ದರೆ ಎಂಜಿನ್ನಿನ ಹೊಟ್ಟೆ ತುಂಬಿದೆ ಎಂದರ್ಥ. ಗಾಡಿ ಒಂದು ಸುತ್ತು ಓಡಿಸಿ ಬಂದ ಮೇಲೆಯೇ ನಾನು ಎಲೆ ಮಡಚುವುದು. ಉಪ್ಪಿನ ಮೂಲೆ ಮಾತ್ರ ಮೊದಲಿಂದಲೂ ಖಾಲಿ. ಅಲ್ಲಿ ಏನೂ ಇಡುವುದಿಲ್ಲ. ಎಂಜಿನ್ನಿನ ಹತ್ತಿರ ಉಪ್ಪಿಗೇನು ಕೆಲಸ?

“ಎಂತಾ ಮಾರಾಯಾ, ಇವತ್ ಪಿಸ್ಟನ್ನಿಗೆ ಸಾರಾ, ಸಾಂಬಾರಾ?” ಎಂದು ಅಣ್ಣ ಗೇಲಿ ಮಾಡುತ್ತಿದ್ದ. ಶೆಡ್ ಹಾಕಿದ ಹೊಸದರಲ್ಲಿ ಅಪ್ಪಯ್ಯ ಒಂದು ದಿನ ಒಳಗೆ ಬಂದರು. ಎಲೆಯ ಮೇಲೆ ಬಿಡಿಭಾಗಗಳನ್ನು ಬಡಿಸಿಟ್ಟಿದ್ದೆ. ಬಗ್ಗಿ ಎಡದಿಂದ ಬಲಕ್ಕೆ ನೋಡಿದರು, ಏನೂ ಹೇಳದೆ ಹೊರಟುಹೋದರು. ಮೆಚ್ಚಿದರೋ ಬಿಟ್ಟರೋ ತಿಳಿಯಲಿಲ್ಲ. ಮುಂದಿನ ವರ್ಷ ತೀರಿಕೊಂಡರು. ಆ ಪ್ರಶ್ನೆ ಹಾಗೇ ಉಳಿಯಿತು.

ಈಗ ಗಾಡಿಯ ವಿಷಯಕ್ಕೆ ಬರುತ್ತೇನೆ. ಅವರ ಹೆಸರು ಶೈಲಜಾ ಎಂದಿಟ್ಟುಕೊಳ್ಳಿ. ಮೈಸೂರಿನವರು, ಇದ್ದದ್ದು ಮಾಧವರಂನಲ್ಲಿ, ಕೆಲಸ ಹಾಲಿನ ಪರೀಕ್ಷೆ ಮಾಡುವುದು. ವಯಸ್ಸು ನಲವತ್ತು ದಾಟಿತ್ತು. ಕೆಲವು ವರ್ಷ ವಿದೇಶದಲ್ಲಿದ್ದು ಬರುವಾಗ ಜನ ಫ್ರಿಜ್ಜು, ಟೀವಿ ತಂದರೆ ಈ ಹೆಂಗಸು ಹಡಗಿನಲ್ಲಿ ಒಂದು ಮೋಟಾರ್ ಸೈಕಲ್ ತಂದಿದ್ದರು. ಒಂದೇ ಸಿಲಿಂಡರಿನ ದೊಡ್ಡ ಗಾಡಿ. ಎತ್ತರದ ಸೀಟು, ಉದ್ದನೆಯ ಫೋರ್ಕು, ಕಲ್ಲು ಮಣ್ಣು ಏನಿದ್ದರೂ ಹತ್ತಿಕೊಂಡು ಹೋಗುವ, ದೇಶ ಸುತ್ತುವವರ ಗಾಡಿ. ಆ ಕಾಲದ ಚೆನ್ನೈಯಲ್ಲಿ ಅಂಥದ್ದು ಕಣ್ಣಿಗೆ ಬೀಳುವುದೇ ಅಪರೂಪ. ಅದು ಶೆಡ್ಡಿನೊಳಗೆ ಬಂದು ನಿಂತಾಗ ನನಗೆ ಆದ ಸಂತೋಷವನ್ನು ಹೆಂಡತಿಯ ಎದುರು ಹೇಳಿಕೊಳ್ಳಲಿಲ್ಲ, ಬೇಜಾರಾದೀತು ಎಂದು.

ಗಾಡಿ ಆಯಿಲ್ ಕುಡಿಯುತ್ತಿತ್ತು, ಹಿಂದಿನಿಂದ ನೀಲಿ ಹೊಗೆ. ಅವರಿಗೆ ಅದರಲ್ಲಿ ಲಡಾಖಿಗೆ ಹೋಗಬೇಕಿತ್ತು, ಒಬ್ಬರೇ. ವರ್ಷಗಟ್ಟಲೆ ಕಾದು ರಜೆ ಕೂಡಿಹಾಕಿದ್ದರು. ರಿಂಗು, ವಾಲ್ವ್ ಸೀಲು, ಗ್ಯಾಸ್ಕೆಟ್ ಎಲ್ಲವನ್ನೂ ಗಾಡಿಯ ಜೊತೆಗೇ ತಂದಿಟ್ಟುಕೊಂಡಿದ್ದರು. ಆದರೆ ಎಲ್ಲ ಒಂದೊಂದೇ ಸೆಟ್ಟು. ಎಂಜಿನ್ ಒಮ್ಮೆ ಬಿಚ್ಚಿ ಜೋಡಿಸಿದರೆ ಮುಗಿಯಿತು. ಮತ್ತೆ ಬಿಚ್ಚಿದರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ತಲೆಗೂ ಸಿಲಿಂಡರಿಗೂ ನಡುವೆ ಕೂರುವ ತೆಳ್ಳನೆಯ ಪದರ, ಹಾಳಾಗುತ್ತದೆ, ಇನ್ನೊಂದು ಇಡೀ ದೇಶದಲ್ಲಿ ಸಿಗುವುದಿಲ್ಲ. ಬೇರೆ ಕಡೆ ತೋರಿಸಿದಾಗ ಯಾರೂ ಕೈ ಹಾಕಲು ಒಪ್ಪಿರಲಿಲ್ಲವಂತೆ. ನಾನು ಮ್ಯಾನುಯಲ್ ತರಿಸಿಕೊಂಡು ಒಂದು ವಾರ ಓದಿ, ಆಮೇಲೆ ಕೈ ಹಾಕಿದೆ.

ಆ ಕೆಲಸವನ್ನು ನಾನು ಮಾಡಿದ ರೀತಿ ನೆನೆದರೆ ಈಗಲೂ ಎದೆ ಉಬ್ಬುತ್ತದೆ. ಹೊಸ ಎಲೆ ಹಾಸಿ, ಒಂದೊಂದೇ ಬಿಚ್ಚಿ ಬಡಿಸಿದೆ. ಪಿಸ್ಟನ್ನಿನ ಮೇಲಿನ ಮಸಿ ತೆಗೆದು, ತೊಳೆದು, ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಉಗುರು ಆಡಿಸಿ ನೋಡಿದೆ. ಕಲೆಯಿಲ್ಲ, ಗೀರಿಲ್ಲ. ಹೊಸ ರಿಂಗು ಕೂರಿಸಿದೆ, ವಾಲ್ವುಗಳನ್ನು ಕೈಯಲ್ಲೇ ಉಜ್ಜಿ ಕೂರಿಸಿದೆ, ಪ್ರತಿ ಬೋಲ್ಟನ್ನೂ ಹೇಳಿದಷ್ಟೇ ಬಿಗಿ ಮಾಡಿದೆ. ಶನಿವಾರ ಬೆಳಗಿನ ಹೊತ್ತಿಗೆ ಎಲೆ ಖಾಲಿಯಾಯಿತು. ಸ್ಟಾರ್ಟ್ ಮಾಡಿದೆ. ಒಂದೇ ಸಿಲಿಂಡರಿನ ಆ ತುಂಬು ದನಿ ಶೆಡ್ಡಿನ ತಗಡನ್ನೆಲ್ಲ ಅಲ್ಲಾಡಿಸಿತು. ಹೊಗೆ ಇಲ್ಲ! ಶಟರ್ ಎಳೆದು ಬೀಗ ಹಾಕಿ, ಹೆದ್ದಾರಿಯಲ್ಲಿ ತಾಂಬರಂ ದಾಟುವವರೆಗೆ ಓಡಿಸಿಕೊಂಡು ಹೋಗಿ ಬಂದೆ. ಸಿಗ್ನಲ್ಲಿನಲ್ಲಿ ನಿಂತಾಗ ಜನ ಕತ್ತು ತಿರುಗಿಸಿ ನೋಡುತ್ತಿದ್ದರು. ನಾನೂ ಸ್ವಲ್ಪ ನೆಟ್ಟಗೆ ಕೂತೆ. ದಾರಿಯಲ್ಲೇ ಬೂತಿನಿಂದ ಶೈಲಜಾ ಮೇಡಂಗೆ ಫೋನ್ ಮಾಡಿ, ಗಾಡಿ ರೆಡಿ, ಸಂಜೆ ಬಂದು ತಗೊಳ್ಳಿ ಎಂದೆ. ಅವರು ಸೋಮವಾರ ಹೊರಡುವವರಿದ್ದರು.

ವಾಪಸ್ ಬಂದು ಬೀಗ ತೆಗೆದು, ಗಾಡಿ ನಿಲ್ಲಿಸಿ, ಎಲೆ ಮಡಚಲು ಹೋದೆ.

ಉಪ್ಪಿನ ಮೂಲೆಯಲ್ಲಿ ಉಪ್ಪಿತ್ತು.

ಹರಳುಪ್ಪು, ಒಂದು ಚಿಟಿಕೆ. ಚೆಲ್ಲಿದ ಹಾಗಲ್ಲ, ಒತ್ತಿ ಇಟ್ಟ ಪುಟ್ಟ ಗುಪ್ಪೆ. ಅದರ ಸುತ್ತ ಎಲೆ ಸ್ವಲ್ಪ ಒದ್ದೆ.

ನನಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಎಂಜಿನ್ ಕೆಲಸ ಮಾಡುವ ಜಾಗದಲ್ಲಿ ಉಪ್ಪು ತಂದಿಡುವುದೆಂದರೇನು? ಕಬ್ಬಿಣಕ್ಕೆ ಅದಕ್ಕಿಂತ ದೊಡ್ಡ ಶತ್ರು ಇದೆಯೇ? ಯಾರದೋ ಕಿತಾಪತಿ ಎಂದು ಹೊರಗೆ ಬಂದು ಸುತ್ತ ನೋಡಿದೆ. ನೋಡುತ್ತಾ ನೋಡುತ್ತಾ ಸಿಟ್ಟು ಇಳಿಯಿತು, ಯಾಕೆಂದರೆ ಇಡುವವರೇ ಇರಲಿಲ್ಲ. ಅದು ಮೇ ತಿಂಗಳು. ಅಣ್ಣ ಹೋಟೆಲಿನ ಅಡಿಗೆಮನೆಯ ನೆಲ ಹೊಸದು ಮಾಡಿಸುತ್ತಿದ್ದ, ಹಾಗಾಗಿ ಬಾಗಿಲು ಹಾಕಿ, ಕೆಲಸದವರನ್ನೆಲ್ಲ ಊರಿಗೆ ಕಳಿಸಿ ತಾನೂ ಹೋಗಿದ್ದ. ಶೆಡ್ಡಿಗೆ ಇರುವುದು ಎರಡು ದಾರಿ. ಮುಂದಿನ ಶಟರ್‌ಗೆ ನಾನೇ ಬೀಗ ಹಾಕಿದ್ದೆ. ಹಿಂದಿನ ಬಾಗಿಲು ಅಡಿಗೆಮನೆಗೆ ತೆರೆಯುತ್ತದೆ. ಅದರ ಚಿಲಕ ಶೆಡ್ಡಿನ ಒಳಗಿನಿಂದ ಹಾಕಿದ ಹಾಗೇ ಇತ್ತು. ತೆಗೆದು ನೋಡಿದೆ. ಹಿಂದಿನ ದಿನ ಹಾಕಿದ ಸಿಮೆಂಟ್ ನೆಲ ಇನ್ನೂ ಹಸಿ, ಮೇಲೆ ತೆಳ್ಳಗೆ ನೀರು ನಿಲ್ಲಿಸಿದ್ದರು. ಬೆಕ್ಕಿನ ಹೆಜ್ಜೆ ಕೂಡ ಇರಲಿಲ್ಲ.

ಶಟರಿನ ಎದುರೇ ಎಳನೀರು ಮಾರುವ ಒಬ್ಬ ಪಾಟಿ ಕೂರುತ್ತಾಳೆ, ಅಜ್ಜಿ. ಯಾರಾದರೂ ಬಂದಿದ್ದರಾ ಎಂದು ಕೇಳಿದೆ. “ಯಾರುಮೇ ವರಲೆ ಪಾ. ನಾನ್ ಇಂಗೇದಾನೆ ಒಕ್ಕಾಂದಿರುಂದೇನ್” ಎಂದಳು. ಯಾರೂ ಬಂದಿಲ್ಲ, ತಾನು ಇಲ್ಲೇ ಕೂತಿದ್ದೆ ಎಂದು. ಅವಳ ಕಣ್ಣು ತಪ್ಪಿಸಿ ಆ ಬೀದಿಯಲ್ಲಿ ಒಂದು ಕಾಗೆಯೂ ಹಾರುವುದಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು.

ಊರಿಗೆ ಅಣ್ಣನಿಗೆ ಫೋನ್ ಮಾಡಿದೆ. ಹೋಟೆಲಿನಲ್ಲಿ ಹರಳುಪ್ಪು ಇದೆಯಾ ಎಂದು ಕೇಳಿದೆ, ಯಾಕೆ ಎಂದು ಹೇಳಲಿಲ್ಲ. “ಉಪ್ಪ್ ಎಲ್ಲಿತ್ತ್ ಮಾರಾಯಾ? ಡಬ್ಬಿ ಎಲ್ಲ ಖಾಲಿ ಮಾಡಿ ಬಂದದ್ದ್. ಹರಳುಪ್ಪಂತೂ ಅಪ್ಪಯ್ಯ ಹೋದ್ಮೇಲೆ ತರ್ಸಿದ್ದೇ ಇಲ್ಲ” ಎಂದ. ಒಂದು ಹರಳು ನಾಲಿಗೆಗೆ ಇಟ್ಟು ನೋಡಿದೆ. ಉಪ್ಪೇ.

ಸ್ಟೂಲ್ ಎಳೆದುಕೊಂಡು ಎಲೆಯ ಎದುರು ಕೂತೆ. ನನ್ನ ಮುಂದೆ ಇದ್ದದ್ದು ಇಷ್ಟು. ಗಾಡಿ ಚಿನ್ನದಂತೆ ಓಡುತ್ತಿದೆ. ಸಂಜೆ ಅದರ ಯಜಮಾನಿ ಬರುತ್ತಾರೆ. ಸೋಮವಾರ ಅವರು ಹೊರಡದಿದ್ದರೆ ರಜೆ ಹಾಳು, ವರ್ಷಗಳ ಆಸೆ ಹಾಳು. ನನ್ನ ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲ. ಬಿಚ್ಚಿದರೆ ಇರುವ ಒಂದೇ ಗ್ಯಾಸ್ಕೆಟ್ ಹೋಗುತ್ತದೆ. ಬಿಚ್ಚಲು ನನ್ನ ಹತ್ತಿರ ಇರುವ ಕಾರಣ ಒಂದು ಚಿಟಿಕೆ ಉಪ್ಪು. ಬೇರೆ ಯಾವ ಮೆಕ್ಯಾನಿಕ್ಕಾದರೂ ಇಂಥ ಮಾತು ಹೇಳಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಎಲೆ ಮಡಚಿ ಬಿಸಾಡಿ ಸುಮ್ಮನಿದ್ದುಬಿಡೋಣ ಎಂದು ಎದ್ದೆ. ಎಲೆಯ ಅಂಚಿಗೆ ಕೈ ಹಾಕಿದೆ, ಮಡಚಲು ಆಗಲಿಲ್ಲ. ಅಪ್ಪಯ್ಯನ ಊಟದ ಹಾಲ್‌ನಲ್ಲಿ ಉಪ್ಪು ಬಿದ್ದ ಎಲೆಯನ್ನು ನೋಡದೆ ಯಾರೂ ಮುಂದೆ ಹೋದದ್ದಿಲ್ಲ. ನಾನೂ ಹೋದದ್ದಿಲ್ಲ.

ಮೇಡಂ ನಾಲ್ಕು ಗಂಟೆಗೇ ಬಂದರು, ಕೈಯಲ್ಲಿ ಹೆಲ್ಮೆಟ್, ಮುಖದಲ್ಲಿ ಹಬ್ಬ. ಒಂದು ಡೌಟ್ ಇದೆ, ಮತ್ತೆ ಬಿಚ್ಚಬೇಕು ಎಂದೆ. ಏನು ಡೌಟ್ ಎಂದರು. ಏನಾದರೊಂದು ನೆಪ ಹೇಳಬಹುದಿತ್ತು. ಸದ್ದು ಬರುತ್ತಿದೆ ಎಂದರೆ ನಂಬುತ್ತಿದ್ದರು. ಆದರೆ ನನ್ನ ಕೆಲಸದ ಬಗ್ಗೆ ನಾನು ಸುಳ್ಳು ಹೇಳಿದವನಲ್ಲ. ಎಲೆಯ ಹತ್ತಿರ ಕರೆದುಕೊಂಡು ಹೋಗಿ ಉಪ್ಪು ತೋರಿಸಿ, ಅಪ್ಪಯ್ಯನ ಪದ್ಧತಿಯನ್ನು ಹೇಳಿದೆ. ಹೇಳುತ್ತಿರುವಾಗ ನನ್ನ ಕಿವಿ ನನಗೇ ಬಿಸಿಯಾಯಿತು.

ಅವರು ಬಗ್ಗಿ ಉಪ್ಪನ್ನು ನೋಡಿದರು. ಗಾಡಿಯನ್ನು ನೋಡಿದರು. ಹೆಲ್ಮೆಟ್ಟನ್ನು ಕೆಳಗಿಟ್ಟರು.

“ನೋಡಿ, ನಾನು ಹಾಲು ಟೆಸ್ಟ್ ಮಾಡೋಳು. ಕೆಲವು ಸಲ ರಿಪೋರ್ಟ್ ಎಲ್ಲಾ ಸರಿಯಾಗೇ ಇರತ್ತೆ, ಮೂಗು ಮಾತ್ರ ಬೇಡ ಅನ್ನತ್ತೆ. ಅಂಥ ಕ್ಯಾನ್ ನಾನು ಒಳಗೆ ಬಿಟ್ಟಿಲ್ಲ. ನಿಮಗೆ ಮನಸ್ಸಿಗೆ ಸಮಾಧಾನ ಇಲ್ಲದೆ ಇರೋ ಗಾಡೀಲಿ ಆ ಘಾಟ್ ಹತ್ತು ಅಂತೀರಾ? ಬಿಚ್ರೀ” ಎಂದರು.

ದನಿಯಲ್ಲಿ ನಡುಕವಿತ್ತು, ಲಡಾಖ್ ಕೈಬಿಟ್ಟ ನಡುಕ. ಆದರೂ ಹೇಳಿದರು. ಅವರನ್ನು ನೆನೆದಾಗ ನನಗೆ ಈಗಲೂ ಅಭಿಮಾನ ಉಕ್ಕುತ್ತದೆ.

ಹೊಸ ಎಲೆ ಹಾಸಿದೆ. ಉಪ್ಪಿದ್ದ ಎಲೆಯನ್ನು ಹಾಗೇ ಎತ್ತಿ ದೇವರ ಪಟದ ಕೆಳಗಿಟ್ಟೆ. ಎಂಜಿನ್ ಆರುವವರೆಗೆ ಕಾದು, ಟ್ಯಾಂಕ್ ಇಳಿಸಿ, ಹೆಡ್ ಬಿಚ್ಚಿದೆ. ಗ್ಯಾಸ್ಕೆಟ್ ಹರಿದುಕೊಂಡು ಎದ್ದು ಬಂತು. ಇನ್ನು ಹಿಂದೆ ಹೋಗುವಂತಿಲ್ಲ. ವಾಲ್ವು ಸರಿ, ಸ್ಪ್ರಿಂಗ್ ಸರಿ. ಸಿಲಿಂಡರ್ ಎತ್ತಿದೆ. ರಿಂಗುಗಳು ಕೂರಿಸಿದ ಹಾಗೇ ಇವೆ. ಪಿಸ್ಟನ್ನಿನ ಪಿನ್ನನ್ನು ಹಿಡಿದಿಡುವ ಎರಡು ಕ್ಲಿಪ್ಪೂ ಅದರದರ ಕಚ್ಚಿನಲ್ಲೇ ಕೂತಿವೆ. ಏನನ್ನೂ ಬಿಟ್ಟಿಲ್ಲ, ಏನನ್ನೂ ತಪ್ಪಾಗಿ ಹಾಕಿಲ್ಲ. ಪಿಸ್ಟನ್ ತೆಗೆದು ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದೆ. ಏನೂ ಇಲ್ಲ. ಎಲೆಯ ನಡುವೆ, ಅನ್ನದ ಜಾಗದಲ್ಲಿ ಇಟ್ಟೆ.

ನನ್ನ ಜೀವನದಲ್ಲಿ ಅಷ್ಟು ಅವಮಾನ ಆದದ್ದು ಅವತ್ತೊಂದೇ ದಿನ. ಒಳ್ಳೆಯ ಎಂಜಿನ್ ಬಿಚ್ಚಿದ್ದೇನೆ, ಒಬ್ಬರ ಆಸೆಗೆ ಮಣ್ಣು ಹಾಕಿದ್ದೇನೆ, ಕಾರಣ ಕೇಳಿದರೆ ಉಪ್ಪು! ಮೇಡಂ ಹೊರಗೆ ಹೋಗಿ ಪಾಟಿಯಿಂದ ಎರಡು ಎಳನೀರು ಕೊಚ್ಚಿಸಿಕೊಂಡು ಬಂದು ಒಂದನ್ನು ನನ್ನ ಕೈಗೆ ಕೊಟ್ಟರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ, ಎಷ್ಟು ಬೇಜಾರಾಗಿದ್ದಾರೆ ಎಂದು ಅಳೆಯುತ್ತಾ. ಹಾಗೆ ನೋಡುತ್ತಿರುವಾಗಲೇ ಅಪ್ಪಯ್ಯನ ಆ ಒಂದು ಮಾತು ನೆನಪಾಯಿತು. ಮುಖ ನೋಡಬೇಡ, ಎಲೆ ನೋಡು.

ಎಳನೀರು ಕೆಳಗಿಟ್ಟು ಪಿಸ್ಟನ್ ಎತ್ತಿದೆ. ಅದರ ಅಡಿಯಲ್ಲಿ ಎಲೆಯನ್ನು ನೋಡಿದೆ. ಹಸಿರು ಎಲೆಯ ಮೇಲೆ ಕೂದಲೆಳೆಯಷ್ಟು ತೆಳ್ಳಗೆ ಒಂದು ಆಯಿಲಿನ ಗೆರೆ.

ಪಿಸ್ಟನ್ನನ್ನು ನಾನು ಒರೆಸಿ ಇಟ್ಟಿದ್ದೆ. ಒಣಗಿದ ಪಿಸ್ಟನ್ನಿನಿಂದ ಗೆರೆ ಹೇಗೆ ಬಂತು? ಮತ್ತೆ ಒರೆಸಿದೆ. ಆಯಿಲ್ ಒಸರುವ ಜಾಗ ಎದ್ದು ಕಾಣಲು ಮೇಲೆ ಉದುರಿಸೋಣ ಎಂದು ಪೌಡರ್ ಹುಡುಕಿದರೆ ಕೈಗೆ ಸಿಕ್ಕಿದ್ದು ದೇವರ ಪಟದ ಮುಂದಿನ ವಿಭೂತಿ. ಪಿಸ್ಟನ್ನಿನ ಮೇಲೆಲ್ಲ ತೆಳ್ಳಗೆ ಉದುರಿಸಿ, ಊದಿ, ಕಾದೆವು. ನಾವಿಬ್ಬರೂ ನೋಡುತ್ತಿದ್ದಂತೆ ಬಿಳಿ ವಿಭೂತಿಯ ಮೇಲೆ ಪಿನ್ನಿನ ತೂತಿನಿಂದ ಕೆಳಕ್ಕೆ ಒಂದು ಕಪ್ಪು ಎಳೆ ನಿಧಾನವಾಗಿ ಮೂಡಿಕೊಂಡಿತು. ಬಿರುಕು. ತಣ್ಣಗಿದ್ದಾಗ ಬಾಯಿ ಮುಚ್ಚಿಕೊಂಡಿರುವ ಬಿರುಕು, ಕಣ್ಣಿಗೂ ಇಲ್ಲ, ಉಗುರಿಗೂ ಇಲ್ಲ. ಮೊದಲ ಸಲ ಬಿಚ್ಚಿ ತೊಳೆದಾಗ ಒಳಗಿದ್ದ ಹಳೆಯ ಆಯಿಲ್ ತೊಳೆದುಹೋಗಿತ್ತು. ಬಿಸಿಯಾಗಿ ಓಡಿದಾಗ ಹೊಸ ಆಯಿಲ್ ಅದರೊಳಗೆ ಹೋಗಿ ಕೂತಿತ್ತು, ಈಗ ಒಸರುತ್ತಿತ್ತು. ಓಡಿಸದೆ ಬಿಚ್ಚಿದ್ದರೆ ಅದು ಕಾಣುತ್ತಲೇ ಇರಲಿಲ್ಲ.

ಆ ಪಿಸ್ಟನ್ ಊರೊಳಗೆ ಇನ್ನೂ ಕೆಲವು ತಿಂಗಳು ತಾಳುತ್ತಿತ್ತೇನೋ. ಬೆಟ್ಟ ಹತ್ತುವ ಗಾಡಿಯಲ್ಲಿ ತಾಳುತ್ತಿರಲಿಲ್ಲ. ಒಡೆದರೆ ಎಂಜಿನ್ ಗಕ್ಕನೆ ಹಿಡಿಯುತ್ತದೆ, ಹಿಂದಿನ ಚಕ್ರ ಲಾಕ್ ಆಗುತ್ತದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ ಇರುವ ರಸ್ತೆಯಲ್ಲಿ, ಒಬ್ಬರೇ. ನಾನು ಇದನ್ನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಮೇಡಂ ಸ್ಟೂಲಿನ ಮೇಲೆ ಕೂತು ಆ ಎಳೆಯನ್ನೇ ನೋಡಿದರು. ಆಮೇಲೆ ದೇವರ ಪಟದ ಕೆಳಗಿದ್ದ ಹಳೆಯ ಎಲೆಯ ಕಡೆ ತಿರುಗಿ, “ನಿಮ್ಮ ತಂದೆಯವರ ಹೆಸರೇನು?” ಎಂದು ಕೇಳಿದರು. ಹೇಳಿದೆ.

ಅವರ ಸ್ನೇಹಿತೆಯೊಬ್ಬರು ವಿದೇಶದಿಂದ ಹೊಸ ಪಿಸ್ಟನ್, ಗ್ಯಾಸ್ಕೆಟ್ ವಿಮಾನದಲ್ಲಿ ಕಳಿಸಿದರು. ನಾನು ಮತ್ತೆ ಬಡಿಸಿದೆ, ಮತ್ತೆ ಜೋಡಿಸಿದೆ. ರಜೆ ಅರ್ಧ ಕಳೆದಿದ್ದರಿಂದ ಅವರು ಗಾಡಿಯನ್ನು ದೆಹಲಿಯವರೆಗೆ ರೈಲಿಗೆ ಹಾಕಿ ಅಲ್ಲಿಂದ ಓಡಿಸಿಕೊಂಡು ಹೋದರು. ಹೋಗಿ ಬಂದರು! ಧೂಳು ತುಂಬಿದ ಗಾಡಿಯಲ್ಲಿ ನೇರ ನನ್ನ ಶೆಡ್ಡಿಗೇ ಬಂದು, ಎಂಜಿನ್ ಆರಿಸದೆ, ‘ಕೇಳಿ’ ಎನ್ನುವ ಹಾಗೆ ಕೈ ತೋರಿಸಿ ನಿಂತರು. ದಾರಿಯುದ್ದಕ್ಕೂ ಒಂದು ತೊಟ್ಟು ಆಯಿಲ್ ಕುಡಿದಿರಲಿಲ್ಲ. ಆಮೇಲೆ ಬ್ಯಾಗಿನಿಂದ ಒಂದು ಪುಟ್ಟ ಪೊಟ್ಟಣ ತೆಗೆದು ಕೊಟ್ಟರು. ಅಲ್ಲಿನ ಯಾವುದೋ ಉಪ್ಪುಕೆರೆಯ ದಡದಲ್ಲಿ ಕೆರೆದು ತಂದ ಉಪ್ಪು. “ನಿಮಗಲ್ಲ, ನಿಮ್ಮ ತಂದೆಯವರಿಗೆ” ಎಂದರು.

ಅಂದಿನಿಂದ ಆ ತಗಡಿನ ಶೆಡ್ಡಿಗೆ ಬೆಂಗಳೂರಿನಿಂದ, ಹೈದರಾಬಾದಿನಿಂದ ದೊಡ್ಡ ಗಾಡಿಗಳು ಹುಡುಕಿಕೊಂಡು ಬರತೊಡಗಿದವು. ಬೇರೆ ದೇಶದಿಂದ ಗಾಡಿ ಓಡಿಸಿಕೊಂಡು ಬಂದವರೂ ಪಲ್ಲಾವರಂ ಸಂತೆಯ ನೂಕುನುಗ್ಗಲಲ್ಲಿ ದಾರಿ ಕೇಳಿಕೊಂಡು ಬಂದಿದ್ದಾರೆ. ನನ್ನ ಕೈಯಿಂದ ಹೋದ ಗಾಡಿ ದಾರಿಯಲ್ಲಿ ಕೈಕೊಟ್ಟಿತು ಎಂಬ ಮಾತು ಇವತ್ತಿನವರೆಗೂ ಬಂದಿಲ್ಲ. ಇದನ್ನು ನಾನು ತಲೆ ಎತ್ತಿ ಹೇಳುತ್ತೇನೆ.

ಆದರೆ ಉಪ್ಪು? ಅತ್ತೆಯನ್ನು ಕೇಳುತ್ತಿದ್ದ ಪ್ರಶ್ನೆಗಳನ್ನೆಲ್ಲ ನನಗೆ ನಾನೇ ಕೇಳಿಕೊಂಡಿದ್ದೇನೆ. ಬಾಗಿಲು ಯಾವ ಕಡೆ, ಗಾಳಿ ಎಲ್ಲಿಂದ. ಕಾಗೆ ತಂದು ಹಾಕಿರಬಹುದೇ? ಕಾಗೆ ಬೆರಳು ಅದ್ದಿ ಒತ್ತಿ ಇಡುವುದಿಲ್ಲ. ಕೈಗೆ ಮೊದಲೇ ಅನುಮಾನ ಬಂದು, ಗೊತ್ತಿಲ್ಲದೆ ನಾನೇ ಇಟ್ಟೆನೇ? ಇಡಲು ಉಪ್ಪೆಲ್ಲಿತ್ತು? ಊರಿಂದ ಬಂದ ಮೇಲೆ ಅಣ್ಣನಿಗೆ ಆ ಎಲೆ ತೋರಿಸಿದೆ. ಬಾಡಿ ಕಪ್ಪಾಗಿತ್ತು, ಉಪ್ಪು ಕರಗಿ ಬರೀ ಒಂದು ಬಿಳಿ ಕಲೆ ಉಳಿದಿತ್ತು. ಗೇಲಿ ಮಾಡುತ್ತಾನೆ ಎಂದುಕೊಂಡಿದ್ದೆ. ಅವನು ಕಲೆಯ ಮೇಲೆ ಬೆರಳಿಟ್ಟು ನೋಡಿದ, ಮತ್ತೆ ಯಾವತ್ತೂ ಸಾರಾ ಸಾಂಬಾರಾ ಎಂದು ಕೇಳಲಿಲ್ಲ. ನಂಬುತ್ತೇನೆ ಎಂದು ಹೇಳಲು ನನಗೆ ಈಗಲೂ ನಾಲಿಗೆ ಏಳುವುದಿಲ್ಲ. ಇಲ್ಲ ಎಂದು ಹೇಳಲೂ ಏಳುವುದಿಲ್ಲ. ನಾಲಿಗೆಗೆ ಆ ಹರಳಿನ ರುಚಿ ಗೊತ್ತಿದೆ.

ಈಗಲೂ ಎಲೆ ಹಾಸಿಯೇ ಕೆಲಸ ಮಾಡುತ್ತೇನೆ. ಗಾಡಿ ಓಡಿಸಿ ಬಂದು, ಗಿರಾಕಿಗೆ ರೆಡಿ ಎಂದು ಹೇಳುವ ಮೊದಲು ಆ ಎಡ ಮೂಲೆಯನ್ನು ಒಮ್ಮೆ ನೋಡುತ್ತೇನೆ. ಎಷ್ಟೋ ಎಂಜಿನ್ ಬಿಚ್ಚಿ ಜೋಡಿಸಿದ್ದೇನೆ, ಇಷ್ಟು ವರ್ಷಗಳಲ್ಲಿ ಅಲ್ಲಿ ಮತ್ತೆ ಏನೂ ಕಂಡಿಲ್ಲ. ಎಲೆ ಸರಿ ಇದ್ದರೆ ಅಪ್ಪಯ್ಯ ಏನೂ ಹೇಳದೆ ಮುಂದೆ ಹೋಗುತ್ತಿದ್ದರು. ಶೆಡ್ಡಿಗೆ ಬಂದು ನನ್ನ ಎಲೆಯನ್ನು ನೋಡಿದ ಆ ದಿನವೂ ಅವರು ಏನೂ ಹೇಳದೆಯೇ ಹೋಗಿದ್ದರು.